ಪಾಲಿಸಿಯ ಮೂವತ್ತೊಂದನೆಯ ಪುಟ

ಶಿರೋಳದ ಹಾಲಸಿದ್ದಪ್ಪ ಮಗಳ ಮದುವೆಯ ಕಾರ್ಡು ಹಿಡಿದುಕೊಂಡು ಅಂಗಡಿಯ ಮೆಟ್ಟಿಲು ಹತ್ತಿದಾಗ ನಿರ್ಮಲಾ ನಗುತ್ತಲೇ ಎದ್ದು ನಿಂತಳು. ಹಿಂದಿನ ದಿನವಷ್ಟೇ ನಾನೂರು ಕಾರ್ಡು ಕಟ್ಟಿ ಕಳಿಸಿದ್ದಳು. ಇನ್ನೊಂದು ನೂರು ಬೇಕಾಗಿರಬೇಕು ಅಂದುಕೊಂಡಳು. ಹಾಲಸಿದ್ದಪ್ಪ ಕುಳಿತುಕೊಳ್ಳಲಿಲ್ಲ. ಕಾರ್ಡನ್ನು ಮೇಜಿನ ಮೇಲಿಟ್ಟು, ರುಮಾಲು ಸರಿಮಾಡಿಕೊಂಡು ಕೇಳಿದ.

“ತಂಗಿ, ನಾ ಇನ್ನೂ ಬದುಕೇನಿ ಅಲ್ಲ?”

“ಯಾಕ್ರಿ ಕಾಕಾ, ಏನಾತ್ರಿ?”

“ಹಂಗಾರ ಇದರಾಗ ನನ್ನ ಹೆಸರ ಎಲ್ಲಿ ಐತಿ, ಒಂದೀಟ ತೋರ್ಸು.”

ನಿರ್ಮಲಾ ಕಾರ್ಡು ಬಿಡಿಸಿದಳು. ವರನ ಹೆಸರಿತ್ತು, ವಧುವಿನ ಹೆಸರಿತ್ತು, ಸೋದರಮಾವಂದಿರ ಹೆಸರುಗಳು ಸಾಲಾಗಿ ಇದ್ದವು. ವಧುವಿನ ತಂದೆಯ ಹೆಸರಿರಬೇಕಾದ ಸಾಲು ಮಾತ್ರ ಇರಲೇ ಇಲ್ಲ. ಮೂರು ಸಲ ಪ್ರೂಫು ನೋಡಿದವಳು ಅವಳೇ. ಮುಖ ಬಿಸಿಯಾಯಿತು. ಎರಡು ದಿನದೊಳಗೆ ನಾನೂರೂ ಕಾರ್ಡನ್ನು ಹೊಸದಾಗಿ ಮಾಡಿಕೊಡುತ್ತೇನೆಂದು ಕೈಮುಗಿದು ಕಳಿಸಿದಳು.

ರೋಣದ ಬಸ್ ನಿಲ್ದಾಣದ ಎದುರು ಹನ್ನೊಂದು ವರ್ಷದಿಂದ ಅವಳು ಆ ಡಿಟಿಪಿ ಅಂಗಡಿ ನಡೆಸುತ್ತಿದ್ದಳು. ಲಗ್ನಪತ್ರಿಕೆ, ಅರ್ಜಿ, ಕರಾರುಪತ್ರ, ಸಂಘದ ವರದಿ, ಎಲ್ಲವೂ ಅವಳ ಕೈಯಲ್ಲೇ ಟೈಪಾಗಿ ಹೋಗುತ್ತಿದ್ದವು. ಒತ್ತು ತಪ್ಪಿದರೆ, ದೀರ್ಘ ಬಿಟ್ಟುಹೋದರೆ ದೂರದಿಂದಲೇ ಹಿಡಿಯುತ್ತಾಳೆಂದು ಹೆಸರಾಗಿದ್ದಳು. ಅಂಥವಳ ಕಣ್ಣಿಂದ ಈಗ ಒಂದಿಡೀ ಸಾಲು ತಪ್ಪಿಸಿಕೊಂಡು ಹೋಗಿತ್ತು.

ಆ ಸಂಜೆ ಗಂಡ ಗುರುಪಾದ ನರಗುಂದದ ಅಡತಿ ಅಂಗಡಿಯಿಂದ ಬಂದು ಊಟಕ್ಕೆ ಕುಳಿತಾಗ ನಿರ್ಮಲಾ ತಿಂಗಳಿನಿಂದ ಮುಚ್ಚಿಟ್ಟಿದ್ದನ್ನು ಹೇಳಿಬಿಟ್ಟಳು.

“ನನಗ ಅಕ್ಷರ ಎರಡೆರಡು ಕಾಣಸ್ತಾವ್ರಿ. ಅರ್ಧಾ ತಾಸು ಕಂಪ್ಯೂಟರ್ ನೋಡಿದ್ನೆಂದ್ರ ಸಾಲಿನ ಮ್ಯಾಲ ಸಾಲು ಹತ್ತಿ ಕುಂಡ್ರತಾವ. ಯಾವುದು ಖರೇ, ಯಾವುದು ಸುಳ್ಳು ತಿಳಿಯಂಗಿಲ್ಲ.”

“ಯಾವಾಗಿಂದ?”

“ಬಿದ್ದಾಗಿಂದ.”

ನವೆಂಬರಿನಲ್ಲಿ ಜಕ್ಕಲಿಗೆ ಕಾರ್ಡು ಕೊಡಲು ಹೋಗುವಾಗ ಅಡ್ಡ ಬಂದ ಕರುವನ್ನು ತಪ್ಪಿಸಲು ಹೋಗಿ ಸ್ಕೂಟಿ ಜಾರಿಬಿದ್ದಿತ್ತು. ತಲೆಗೆ ಪೆಟ್ಟಾಗಿ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಮೂರು ದಿನ ಮಲಗಿದ್ದಳು. ಸ್ಕ್ಯಾನಿನಲ್ಲಿ ಏನೂ ಕಾಣಲಿಲ್ಲ. ಆಸ್ಪತ್ರೆಯ ಖರ್ಚನ್ನು ವಿಮಾ ಕಂಪನಿಯೇ ಕಟ್ಟಿತ್ತು. ನವೆಂಬರ್ ಹದಿನಾಲ್ಕಕ್ಕೆ ಮನೆಗೆ ಬಂದಳು. ತಲೆನೋವು ತಾನಾಗಿ ಹೋಗುತ್ತದೆ ಎಂದಿದ್ದರು ಡಾಕ್ಟರು. ಅಂಗಡಿ ಮುಚ್ಚಬೇಕಾದೀತು ಅನ್ನುವ ಹೆದರಿಕೆಗೆ ಅಕ್ಷರಗಳ ವಿಷಯವನ್ನು ಅವಳು ಯಾರಿಗೂ ಬಾಯಿಬಿಟ್ಟಿರಲಿಲ್ಲ.

ಗುರುಪಾದ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. “ಹುಚ್ಚಿ ಅದೀ ಏನು ನೀ? ನಾಳೆ ನಾ ಪ್ಯಾಟಿಗೆ ಹೋಗಂಗಿಲ್ಲ. ಗಜೇಂದ್ರಗಡಕ್ಕ ಹೋಗೂಣು ನಡಿ. ಅಲ್ಲಿ ಕಣ್ಣಿನ ದವಾಖಾನ್ಯಾಗ ಹೊಸಾ ಹುಡುಗಿ ಬಂದಾಳಂತ, ಭಾಳ ಶಾಣ್ಯಾಕಿ ಅಂತಾರ.”

ಶಾಣ್ಯಾ ಹುಡುಗಿಯ ಹೆಸರು ಜಹೀದಾ. ಬೆಟ್ಟದ ಕೆಳಗಿನ ಸಣ್ಣ ಕಣ್ಣಿನ ಆಸ್ಪತ್ರೆಯಲ್ಲಿ ದೃಷ್ಟಿ ಪರೀಕ್ಷೆ ಮಾಡುತ್ತಿದ್ದಳು. ಬೋರ್ಡಿನ ಮೇಲಿನ ಅಕ್ಷರಗಳನ್ನು ನಿರ್ಮಲಾ ಒಂದೂ ಬಿಡದೆ ಓದಿದಳು. ಆಮೇಲೆ ಜಹೀದಾ ಒಂದು ಪೆನ್ನನ್ನು ಅವಳ ಮೂಗಿನ ಕಡೆಗೆ ಮೆಲ್ಲಗೆ ತಂದಳು. ಪೆನ್ನು ಇನ್ನೂ ಒಂದು ಗೇಣು ದೂರದಲ್ಲಿರುವಾಗಲೇ ನಿರ್ಮಲಾ “ಎರಡಾದ್ವು” ಎಂದಳು. ಎಡಗಣ್ಣು ಹೊರಗೆ ಸರಿದಿತ್ತು.

“ನಿಮ್ಮ ಎರಡೂ ಕಣ್ಣು ಚಲೋ ಅದಾವಕ್ಕಾ,” ಎಂದಳು ಜಹೀದಾ. “ಹತ್ರದ್ದು ನೋಡೂಮುಂದ ಎರಡೂ ಕೂಡಿ ಒಳಗ ತಿರುಗಬೇಕು. ತಲಿಗೆ ಪೆಟ್ಟು ಬಿದ್ದವರಿಗೆ ಒಮ್ಮೊಮ್ಮೆ ಆ ಜೋಡಿ ತಪ್ಪತೈತಿ. ಇದಕ್ಕ ಗುಳಿಗಿ ಬ್ಯಾಡ, ಆಪರೇಷನ್ ಬ್ಯಾಡ. ವ್ಯಾಯಾಮ ಐತಿ. ವಾರಕ್ಕ ಎರಡು ದಿನ ಇಲ್ಲಿಗೆ ಬರ್ರಿ, ಮನ್ಯಾಗ ದಿನಾ ಮಾಡ್ರಿ. ಮೂರು ತಿಂಗಳು.”

“ಮತ್ತ ಮೊದಲಿನಂಗ ಆಗ್ತಾವ?”

“ನಾ ಸುಮ್ಮ ಭರವಸೆ ಕೊಡಂಗಿಲ್ಲ. ಆದ್ರ ನಿಮ್ಮಂಥವರಿಗೆ ಚಲೋ ಆಗಿದ್ದನ್ನ ಕಂಡೇನಿ.” ಹೊರಡುವಾಗ ಇನ್ನೊಂದು ಮಾತು ಹೇಳಿದಳು. “ಹುಬ್ಬಳ್ಳಿ ಡಾಕ್ಟರ್ ಕಡಿಂದ ಒಂದು ಚೀಟಿ ಬರಿಸಿ ಇಟ್ಕೋರಿ. ಇದು ತಲಿ ಪೆಟ್ಟಿನಿಂದನ ಆಗೇತಿ, ವ್ಯಾಯಾಮ ಬೇಕು ಅಂತ.”

ಚೀಟಿ ಬಂತು. ಡಿಸೆಂಬರಿನಲ್ಲಿ ವ್ಯಾಯಾಮ ಶುರುವಾಯಿತು.

ಜಹೀದಾ ಕೊಟ್ಟದ್ದು ಒಂದು ಬಿಳಿ ದಾರ. ಅದಕ್ಕೆ ಕೆಂಪು, ಹಳದಿ, ಹಸಿರು ಮೂರು ಮಣಿ. ಒಂದು ತುದಿಯನ್ನು ಕಿಟಕಿಗೆ ಕಟ್ಟಿ, ಇನ್ನೊಂದನ್ನು ಮೂಗಿನ ತುದಿಗೆ ಹಿಡಿದು ಒಂದೊಂದೇ ಮಣಿಯನ್ನು ನೋಡಬೇಕು. ಎರಡೂ ಕಣ್ಣು ಕೂಡಿ ನೋಡಿದರೆ ದಾರ ಎರಡಾಗಿ ಕಂಡು ಆ ಮಣಿಯಲ್ಲಿ ಕತ್ತರಿಯಂತೆ ಕೂಡಬೇಕು. ದೂರದ ಹಸಿರು ಮಣಿಯಲ್ಲಿ ಕತ್ತರಿ ಬೇಗ ಬಂತು. ಹತ್ತಿರದ ಕೆಂಪು ಮಣಿ ಮಾತ್ರ ಒಡೆದು ಎರಡಾಗಿ ನಿಂತುಬಿಡುತ್ತಿತ್ತು. ಹಣೆ ಸಿಡಿಯುತ್ತಿತ್ತು, ಕಣ್ಣಲ್ಲಿ ನೀರು ಸುರಿಯುತ್ತಿತ್ತು.

ಅತ್ತೆ ಹೊನ್ನವ್ವನಿಗೆ ಮೊದಲು ಇದೆಲ್ಲ ಚೇಷ್ಟೆಯಾಗಿ ಕಂಡಿತು. “ಕಣ್ಣ ಹೊಳ್ಳಸಾಕ ಗಜೇಂದ್ರಗಡಕ್ಕ ಹೋಗಬೇಕ? ನಮ್ಮ ಎಮ್ಮಿ ಮನ್ಯಾಗ ನಿಂತ ಹೊಳ್ಳಸತೈತಿ,” ಎಂದು ನಕ್ಕಳು. ಆದರೆ ಸೊಸೆ ಕಣ್ಣೊರೆಸಿಕೊಂಡು ಮತ್ತೆ ದಾರ ಹಿಡಿಯುವುದನ್ನು ನಾಲ್ಕು ದಿನ ನೋಡಿದಳು. ಐದನೆಯ ದಿನ ಕಿಟಕಿಯಿಂದ ದಾರ ಬಿಚ್ಚಿ ತಾನೇ ತುದಿ ಹಿಡಿದು ಕುಳಿತಳು. “ಕಿಡಕಿಗೆ ನಿನ್ನ ಕಷ್ಟ ಏನ ಗೊತ್ತಾಕ್ಕೈತಿ? ನಾ ಹಿಡಿತೀನಿ, ನೀ ನೋಡು.”

ಸಂಕ್ರಾಂತಿ ಕಳೆದ ಮೂರನೆಯ ದಿನ ಬೆಳಿಗ್ಗೆ, ಕೆಂಪು ಮಣಿ ನಡುಗಿತು, ಸರಿಯಿತು, ಗಪ್ಪನೆ ಒಂದಾಯಿತು. ಎರಡು ದಾರಗಳು ಅದರೊಳಗಿಂದ ಹಾದು ಕತ್ತರಿಯಾದವು. ನಿರ್ಮಲಾ ಉಸಿರು ಬಿಡಲಿಲ್ಲ. ಒಂದು, ಎರಡು, ಮೂರು... ಹತ್ತು ಎಣಿಸಿದರೂ ಮಣಿ ಒಡೆಯಲಿಲ್ಲ.

“ಅತ್ತೀ! ಕೂಡಿತ್ರಿ! ಕೆಂಪ್ ಮಣಿ ಕೂಡಿತ್ರಿ!”

ಹೊನ್ನವ್ವ ದಾರ ಬಿಟ್ಟು ಎರಡೂ ಕೈಯಿಂದ ಸೊಸೆಯ ಮುಖ ಸವರಿ ನೆಟಿಕೆ ಮುರಿದಳು. ಅಡುಗೆಮನೆಯಲ್ಲಿ ಹಾಲು ಉಕ್ಕಿ ಒಲೆಯ ಮೇಲೆ ಹರಿದದ್ದು ಇಬ್ಬರಿಗೂ ಗೊತ್ತಾಗಲಿಲ್ಲ.

ಇನ್ನು ವಿಮೆಯ ಮಾತು. ಆ ಪಾಲಿಸಿ ಮಾಡಿಸಿದವನು ಅನಿಲಕುಮಾರ, ಊರಿನ ಏಜೆಂಟ. ನಿರ್ಮಲಾಳ ತಮ್ಮನ ಗೆಳೆಯ. ವ್ಯಾಯಾಮದ ಬಿಲ್ಲುಗಳನ್ನು ಕಳಿಸೋಣವೆಂದಾಗ ಅವನು ತಲೆ ಅಲ್ಲಾಡಿಸಿದ.

“ಸಿಗಂಗಿಲ್ಲ ಅಕ್ಕಾರ. ದವಾಖಾನ್ಯಾಗ ಮಲಗಿದ್ರ ಕೊಡ್ತಾರ, ಕುಂತು ದಾರ ನೋಡಿದ್ರ ಕೊಡಂಗಿಲ್ಲ. ಕಣ್ಣಿನ ವ್ಯಾಯಾಮ ಅಂದ ಕೂಡ್ಲೆ ತೆಗದ ಒಗಿತಾರ. ನಾ ಇಷ್ಟು ವರ್ಷದಾಗ ಒಂದೂ ಪಾಸ್ ಆಗಿದ್ದು ಕಂಡಿಲ್ಲ.”

ಆದರೂ ಅಕ್ಕನ ಮಾತಿಗೆ ಕಟ್ಟುಬಿದ್ದು, ಫೆಬ್ರವರಿ ಕೊನೆಗೆ ಅಲ್ಲಿಯವರೆಗಿನ ಹತ್ತೊಂಬತ್ತು ದಿನಗಳ ಬಿಲ್ಲುಗಳನ್ನು ಕಳಿಸಿದ. ವಾರದೊಳಗೆ ಕಂಪನಿಯ ಉತ್ತರ ಬಂತು. ಕಣ್ಣಿನ ವ್ಯಾಯಾಮವು ದೃಷ್ಟಿದೋಷ ತಿದ್ದುವಿಕೆಗೆ ಸೇರಿದ್ದು, ಒಳರೋಗಿಯಾಗಿ ಪಡೆದ ಚಿಕಿತ್ಸೆಯೂ ಅಲ್ಲ, ಆದ್ದರಿಂದ ತಿರಸ್ಕರಿಸಲಾಗಿದೆ ಎಂದಿತ್ತು. ‘ಇದನ್ನು ರೋಗದ ಚಿಕಿತ್ಸೆ ಎಂದು ಪರಿಗಣಿಸಲಾಗದು’ ಎಂಬ ಕೊನೆಯ ಸಾಲು ಓದಿದಾಗ ನಿರ್ಮಲಾಳಿಗೆ ಅಳು ಬರಲಿಲ್ಲ, ಮೈ ಉರಿಯಿತು. ಆ ಹಣೆಸಿಡಿತ, ಆ ಕಣ್ಣೀರು, ಕಾರ್ಡಿನಿಂದ ಮಾಯವಾದ ಹಾಲಸಿದ್ದಪ್ಪನ ಹೆಸರು ಎಲ್ಲ ಏನು ಹಾಗಾದರೆ?

ಅದೇ ವಾರ ಜಹೀದಾ ವ್ಯಾಯಾಮ ಬದಲಿಸಿದ್ದಳು. “ಮಣಿ ಸಾಕು. ಇನ್ನ ದಿನಾ ಇಪ್ಪತ್ತು ನಿಮಿಷ ಸಣ್ಣ ಅಕ್ಷರ ಓದ್ರಿ. ಎಷ್ಟು ಸಣ್ಣ ಸಿಗ್ತಾವ ಅಷ್ಟು ಚಲೋ.”

ನಿರ್ಮಲಾ ಮನೆಗೆ ಬಂದು ಟ್ರಂಕು ತೆರೆದು ವಿಮಾ ಪಾಲಿಸಿಯ ಪುಸ್ತಕವನ್ನೇ ಹೊರತೆಗೆದಳು. ನಲವತ್ತಾರು ಪುಟ, ಇಂಗ್ಲಿಷು, ಸಾಸಿವೆಯಂಥ ಅಕ್ಷರ. ಅಂಗಡಿಯ ಕೆಂಪು ಪೆನ್ನು ಹಿಡಿದು, ಗಿರಾಕಿಯ ಪ್ರೂಫು ತಿದ್ದುವ ಹಾಗೆ, ಮೊದಲ ಪುಟದಿಂದ ಓದತೊಡಗಿದಳು. ಗೊತ್ತಾಗದ ಶಬ್ದವನ್ನು ಫೋನಿನಲ್ಲಿ ನೋಡಿ ಅಂಚಿನಲ್ಲಿ ಕನ್ನಡದಲ್ಲಿ ಬರೆದಳು. ಮೊದಲ ದಿನ ಎರಡು ಪುಟಕ್ಕೆ ಕಣ್ಣು ಸೋತವು. ಮೂರನೆಯ ದಿನ ನಾಲ್ಕು ಪುಟ. ಯಾವುದಕ್ಕೆ ಕೊಡುವುದಿಲ್ಲ ಎಂಬ ಪಟ್ಟಿಗೆ ಬಂದಾಗ ಒಂದೊಂದು ಶಬ್ದಕ್ಕೂ ಬೆರಳಿಟ್ಟು ಓದಿದಳು. ಕನ್ನಡಕದ ನಂಬರು ಇಳಿಸುವ ಆಪರೇಷನ್ನಿಗೆ, ಅದೂ ನಂಬರು ಏಳೂವರೆಗಿಂತ ಕಡಿಮೆಯಿದ್ದರೆ, ಕೊಡುವುದಿಲ್ಲ ಎಂದಿತ್ತು. ಕಣ್ಣಿನ ವ್ಯಾಯಾಮ ಎಂಬ ಮಾತು ಆ ಪಟ್ಟಿಯಲ್ಲಿ ಎಲ್ಲಿಯೂ ಇರಲಿಲ್ಲ.

ಅವಳಿಗೆ ನಂಬರೇ ಇರಲಿಲ್ಲವಲ್ಲ! ಆ ದಿನ ಇಪ್ಪತ್ತು ನಿಮಿಷಕ್ಕೆ ಅವಳು ನಿಲ್ಲಿಸಲಿಲ್ಲ.

ಮೂವತ್ತೊಂದನೆಯ ಪುಟದ ಕೆಳಭಾಗದಲ್ಲಿ ಅದು ಸಿಕ್ಕಿತು. ಆಸ್ಪತ್ರೆಯಿಂದ ಬಿಡುಗಡೆಯಾದ ಮೇಲೆ ತೊಂಬತ್ತು ದಿನಗಳವರೆಗೆ, ಯಾವ ತೊಂದರೆಗಾಗಿ ಆಸ್ಪತ್ರೆಯಲ್ಲಿದ್ದರೋ ಅದೇ ತೊಂದರೆಗೆ ಡಾಕ್ಟರು ಬರೆದುಕೊಟ್ಟ ಚಿಕಿತ್ಸೆಯ ವೆಚ್ಚವನ್ನು ಕೊಡಲಾಗುವುದು. ಮತ್ತೊಮ್ಮೆ ಓದಿದಳು. ಪುಸ್ತಕವನ್ನು ಮೂಗಿನ ಹತ್ತಿರ ತಂದು ಓದಿದಳು. ಅಕ್ಷರ ಅಲ್ಲಾಡಲಿಲ್ಲ, ಸಾಲು ಸಾಲಿನ ಮೇಲೆ ಹತ್ತಲಿಲ್ಲ.

ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ಎರಡು ಓಣಿ ದಾಟಿ ಅನಿಲಕುಮಾರನ ಮನೆಗೆ ಹೋದಳು. ಅವನು ಹಲ್ಲುಜ್ಜುತ್ತಾ ಹೊರಗೆ ಬಂದ.

“ಅನಿಲ, ಇದನ್ನ ಓದು.”

ಅವನು ಓದಿದ. ಬ್ರಷ್ಷು ಬಾಯಲ್ಲೇ ನಿಂತಿತು. “ಅಕ್ಕಾರ... ಇದು ನಾನ ಮಾರಿದ ಪಾಲಿಸಿ. ಈ ಸಾಲು ನನಗ ಗೊತ್ತಿತ್ರಿ. ಆದ್ರ ಕಣ್ಣಿನ ವ್ಯಾಯಾಮಕ್ಕ ಹೊಂದಸ್ಬೇಕು ಅಂತ ತಲಿಗೇ ಬಂದಿಲ್ಲ. ಬರೇ ವ್ಯಾಯಾಮ ಅಂದ್ರ ಕೊಡಂಗಿಲ್ಲ, ಖರೇ. ದವಾಖಾನ್ಯಾಗ ಇದ್ದು ಬಂದ ಮ್ಯಾಲಿನ ವ್ಯಾಯಾಮ ಅಂದ್ರ ಬ್ಯಾರೇನ ಆತು.” ಬಾಯಿ ಮುಕ್ಕಳಿಸಿ ಬಂದವನ ದನಿಯೇ ಬದಲಾಗಿತ್ತು. “ನಡ್ರಿ, ಬರಿಯೂಣು!”

ಕಂಪನಿಯ ದೂರು ವಿಭಾಗಕ್ಕೆ ಬರೆದರು. ಹುಬ್ಬಳ್ಳಿಯ ಚೀಟಿ, ಬಿಡುಗಡೆ ಪತ್ರ, ಮೂವತ್ತೊಂದನೆಯ ಪುಟ, ಎಲ್ಲ ಲಗತ್ತಿಸಿದರು. ಕಂಪನಿ ಮೊದಲಿನ ಉತ್ತರವನ್ನೇ ತಾರೀಖು ಬದಲಿಸಿ ಮತ್ತೆ ಕಳಿಸಿತು. ಆಗ ಅನಿಲಕುಮಾರ ವಿಮಾ ಓಂಬುಡ್ಸಮನ್ ಕಚೇರಿಯ ವಿಷಯ ಹೇಳಿದ. ಜನರಿಗೂ ವಿಮಾ ಕಂಪನಿಗಳಿಗೂ ನಡುವೆ ನಿಂತು ತೀರ್ಪು ಕೊಡುವ ಕಚೇರಿ. ಫೀ ಇಲ್ಲ, ವಕೀಲರೂ ಬೇಕಾಗಿಲ್ಲ. ಏಪ್ರಿಲ್ಲಿನಲ್ಲಿ ದೂರು ಹೋಯಿತು. ಜುಲೈ ಎರಡನೆಯ ವಾರಕ್ಕೆ ವಿಡಿಯೋ ವಿಚಾರಣೆ ಗೊತ್ತಾಯಿತು.

ಆ ದಿನ ಬೆಳಿಗ್ಗೆ ಹತ್ತಕ್ಕೇ ಅಂಗಡಿ ತುಂಬಿತ್ತು. ಜಹೀದಾ ಗಜೇಂದ್ರಗಡದಿಂದ ಬಸ್ಸಿನಲ್ಲಿ ಬಂದಿದ್ದಳು. ಗುರುಪಾದ ಅಡತಿಗೆ ಬೀಗ ಹಾಕಿ ಉಳಿದಿದ್ದ. ಬೇಡವೆಂದರೂ ಕೇಳದೆ ಹೊನ್ನವ್ವ ಜೆರಾಕ್ಸ್ ಯಂತ್ರದ ಪಕ್ಕದ ಸ್ಟೂಲಿನ ಮೇಲೆ ಕುಳಿತಿದ್ದಳು. ಹನ್ನೊಂದಕ್ಕೆ ಐದು ನಿಮಿಷವಿರುವಾಗ ಕರೆಂಟು ಹೋಯಿತು.

“ಅಯ್ಯೋ ಶಿವನ!” ಎಂದಳು ಹೊನ್ನವ್ವ.

“ಗಾಬರಿ ಆಗಬ್ಯಾಡ್ರಿ, ಬ್ಯಾಟರಿ ಐತಿ,” ಎಂದು ನಿರ್ಮಲಾ ಯುಪಿಎಸ್ಸಿನ ಗುಂಡಿ ಒತ್ತಿದಳು. ನೆಟ್ಟು ಬರಲಿಲ್ಲ. ಗುರುಪಾದ ತನ್ನ ಫೋನಿನಿಂದ ನೆಟ್ಟು ಕೊಟ್ಟು, ಸಿಗ್ನಲ್ಲಿಗಾಗಿ ಫೋನನ್ನು ಬಾಗಿಲ ಚೌಕಟ್ಟಿಗೆ ಎತ್ತಿ ಹಿಡಿದು ನಿಂತ. ಅಷ್ಟರಲ್ಲಿ ಪರದೆಯ ಮೇಲೆ ಮುಖಗಳು ಮೂಡಿದವು. ಒಂದು ಕಡೆ ಬೆಂಗಳೂರಿನ ಕಚೇರಿಯ ಅಧಿಕಾರಿ, ನರೆಗೂದಲಿನವರು. ಇನ್ನೊಂದು ಕಡೆ ಕಂಪನಿಯ ಪ್ರತಿನಿಧಿ, ಕೊರಳಪಟ್ಟಿ ಬಿಗಿದ ತರುಣ.

ಮೊದಲು ಕಂಪನಿಯವನು ಮಾತಾಡಿದ. “ಸರ್, ಇದು ಕಣ್ಣಿನ ವ್ಯಾಯಾಮ. ಯೋಗದ ಹಾಗೆ ಮನೆಯಲ್ಲೇ ಮಾಡಿಕೊಳ್ಳಬಹುದಾದದ್ದು. ದೃಷ್ಟಿದೋಷ ತಿದ್ದುವುದು ನಮ್ಮ ಪಾಲಿಸಿಯಲ್ಲಿ ಬರುವುದಿಲ್ಲ.”

“ಬಂದು ಒಂದ ದಿನ ಮಾಡಿ ನೋಡ ಅನ್ನು ಅವಗ!” ಎಂದು ಸ್ಟೂಲಿನ ಕಡೆಯಿಂದ ದನಿ ಬಂತು.

ಅಧಿಕಾರಿ ತಲೆಯೆತ್ತಿದರು. “ಅಲ್ಲಿ ಯಾರು ಮಾತಾಡಿದ್ದು?”

“ನಮ್ಮ ಅತ್ತಿಯವರ್ರಿ, ಸರ್. ತಪ್ಪಾತ್ರಿ.” ನಿರ್ಮಲಾ ಕೈಮುಗಿದಳು. ಅಧಿಕಾರಿಯ ತುಟಿಯಲ್ಲಿ ನಗೆ ಮಿನುಗಿದ್ದನ್ನು ಕಂಡು ಸ್ವಲ್ಪ ಧೈರ್ಯ ಬಂತು.

“ನೀವು ಹೇಳಿ.”

“ಸರ್, ನನಗ ಕನ್ನಡಕದ ನಂಬರ ಇಲ್ರಿ. ಬಿದ್ದು ತಲಿಗೆ ಪೆಟ್ಟಾಗಿ ಮೂರು ದಿನ ದವಾಖಾನ್ಯಾಗ ಇದ್ದೆ. ಆ ಖರ್ಚು ಇದ ಕಂಪನಿ ಕೊಟ್ಟೈತ್ರಿ. ಅದ ಪೆಟ್ಟಿನಿಂದ ಕಣ್ಣಿನ ಜೋಡಿ ತಪ್ಪಿತ್ತು ಅಂತ ಹುಬ್ಬಳ್ಳಿ ಡಾಕ್ಟರ್ ಬರದಾರ. ಮೂವತ್ತೊಂದನೆ ಪುಟದಾಗ, ಕೆಳಗಿಂದ ಆರನೆ ಸಾಲು ನೋಡ್ರಿ.”

ಕಂಪನಿಯವನು ಪುಟ ಮಗುಚಿದ. ಹಿಂದೆ ಹೋದ, ಮುಂದೆ ಬಂದ. ಪುಸ್ತಕವನ್ನು ದೂರ ಹಿಡಿದ, ಹತ್ತಿರ ತಂದ. “ಒಂದು ನಿಮಿಷ ಸರ್... ಇಲ್ಲಿ ಅಕ್ಷರ ಬಹಳ ಸಣ್ಣದಿದೆ.”

“ಅಮ್ಮಾ, ನೀವೇ ಓದಿ,” ಎಂದರು ಅಧಿಕಾರಿ.

ನಿರ್ಮಲಾ ಓದಿದಳು. ಒಂದು ಶಬ್ದಕ್ಕೂ ತಡೆಯಲಿಲ್ಲ, ಒಂದು ಸಾಲೂ ಜಿಗಿಯಲಿಲ್ಲ. ಓದಿ ಮುಗಿಸಿ, ಹೊರಗಿಟ್ಟ ಚಿಕಿತ್ಸೆಗಳ ಪಟ್ಟಿಯನ್ನೂ ಓದಿ, “ಇದರಾಗ ಕಣ್ಣಿನ ವ್ಯಾಯಾಮ ಅನ್ನೋ ಮಾತ ಎಲ್ಲಿ ಐತಿ ಅಂತ ಅವರ ತೋರ್ಸಲ್ರಿ,” ಎಂದಳು. ಹಾಲಸಿದ್ದಪ್ಪ ತನ್ನನ್ನು ಕೇಳಿದ್ದ ಧಾಟಿಯಲ್ಲೇ ತಾನೂ ಕೇಳಿದ್ದು ಆ ಗಳಿಗೆಯಲ್ಲಿ ಅವಳಿಗೆ ಹೊಳೆಯಲಿಲ್ಲ.

ಅಧಿಕಾರಿ ಜಹೀದಾಳನ್ನು ಕೇಳಿದರು, “ಈ ವ್ಯಾಯಾಮದಿಂದ ಏನು ಬದಲಾಯಿತು? ಅಳತೆ ಇದೆಯೇ?”

“ಐತ್ರಿ ಸರ್. ಮೊದಲ ದಿನ ಇಪ್ಪತ್ತೆರಡು ಸೆಂಟಿಮೀಟರ್ ದೂರದಾಗನ ಎರಡಾಗಿ ಕಾಣತಿತ್ತು. ಕಡೀ ದಿನ ಏಳಕ್ಕ ಬಂದಿತ್ತು. ಪ್ರತಿ ಸಲದ್ದೂ ಬರದಿಟ್ಟೇನಿ.” ಅವಳು ರಿಜಿಸ್ಟರನ್ನು ಕ್ಯಾಮೆರಾಗೆ ಹಿಡಿದಳು.

ಅಧಿಕಾರಿ ಬರೆದುಕೊಂಡರು. ತೀರ್ಪನ್ನು ಅಂಚೆಯಲ್ಲೂ ಇಮೇಲಿನಲ್ಲೂ ಕಳಿಸುವುದಾಗಿ ಹೇಳಿ ಮುಗಿಸಿದರು. ಪರದೆ ಕಪ್ಪಾಯಿತು. ಗುರುಪಾದ ಇನ್ನೂ ಫೋನು ಎತ್ತಿ ಹಿಡಿದೇ ನಿಂತಿದ್ದ. “ಕೈ ಇಳಸ್ರಿ, ಮುಗೀತು,” ಎಂದು ನಿರ್ಮಲಾ ಹೇಳಿದಾಗ ಎಲ್ಲರೂ ಒಮ್ಮೆಲೇ ನಕ್ಕರು.

ಆಗಸ್ಟ್ ಮೊದಲ ವಾರ, ಕಂಪ್ಯೂಟರಿನಲ್ಲಿ ಯಾರದೋ ಬಿತ್ತನೆ ಬೀಜದ ಅರ್ಜಿ ಟೈಪು ಮಾಡುತ್ತಿದ್ದಾಗ ಇಮೇಲು ಬಂತು. ನಿರ್ಮಲಾ ಎದ್ದು ನಿಂತೇ ಓದಿದಳು. ಕಂಪನಿಯ ನಿರ್ಧಾರ ಸರಿಯಲ್ಲ. ತಲೆ ಪೆಟ್ಟಿನ ನಂತರ ತಪ್ಪಿದ ಕಣ್ಣಿನ ಜೋಡಣೆ ದೃಷ್ಟಿದೋಷವಲ್ಲ. ವೈದ್ಯರು ಬರೆದುಕೊಟ್ಟ ಈ ವ್ಯಾಯಾಮ ಚಿಕಿತ್ಸೆಯೇ ಆಗಿದೆ. ತೊಂಬತ್ತು ದಿನಗಳೊಳಗಿನ ಹದಿನೈದು ದಿನಗಳ ವೆಚ್ಚವನ್ನು ಕಂಪನಿ ಕೊಡತಕ್ಕದ್ದು. ಅವಧಿ ಮುಗಿದ ಮೇಲಿನ ನಾಲ್ಕು ದಿನಗಳದ್ದು ಪಾಲಿಸಿಯ ಪ್ರಕಾರ ಬರುವುದಿಲ್ಲ.

‘ಚಿಕಿತ್ಸೆಯೇ ಆಗಿದೆ’ ಎಂಬ ಶಬ್ದಗಳ ಮೇಲೆ ಬೆರಳಿಟ್ಟು ಅವಳು ಎರಡು ಸಲ ಓದಿದಳು. ಆಮೇಲೆ ಅರ್ಜಿಗಾಗಿ ಕಾಯುತ್ತಿದ್ದ ಮೆಣಸಗಿಯ ರೈತನಿಗೆ ಏನೂ ಹೇಳದೆ ಬೀದಿಗೆ ಓಡಿ, ಬೈಕು ನಿಲ್ಲಿಸುತ್ತಿದ್ದ ಅನಿಲಕುಮಾರನಿಗೆ ಕೂಗಿದಳು. “ಅನಿಲ! ಗೆದ್ದೀವೋ!”

ಅಂಗಡಿಗೆ ಮರಳಿ ಮನೆಗೆ ಫೋನು ಮಾಡಿದಳು. ಹೊನ್ನವ್ವ ಪೂರ್ತಿ ಓದಿಸಿ ಕೇಳಿದಳು. “ನಾಕ ದಿನದ್ದ ಯಾಕ ಕೊಡವಲ್ರು?”

“ತೊಂಬತ್ತು ದಿನ ದಾಟಿತ್ರಿ ಅತ್ತಿ. ಹಂಗ ಬರದೈತಿ.”

“ಬರದದ್ದ ಬರದಂಗ. ಹೋಗ್ಲಿ ಬಿಡು,” ಎಂದು ಹೊನ್ನವ್ವ ಫೋನಿಟ್ಟು ಗೋಧಿ ಹುಗ್ಗಿಗೆ ಬೆಲ್ಲ ಕುಟ್ಟಲು ಕುಳಿತಳು.

ಜಹೀದಾಳಿಗೆ ಫೋನು ಮಾಡಿದಾಗ ಆ ಕಡೆಯಿಂದ ಮೊದಲು ಕಿರುಚಾಟ ಕೇಳಿತು, ಆಮೇಲೆ ಮಾತು ಬಂತು. “ಅಕ್ಕಾ, ಕೇಳ್ರಿ ಇಲ್ಲಿ. ನನ್ನ ಕಡೆ ಇನ್ನ ಇಬ್ಬರು ಅದಾರ. ಒಬ್ಬಾಂವ ರಾಯಣ್ಣ ಅಂತ, ಮಗ್ಗದಾಂವ. ಮಾಳಗಿಯಿಂದ ಬಿದ್ದು ನಾಕ ದಿನ ದವಾಖಾನ್ಯಾಗ ಇದ್ದ. ವಿಮಾ ಕೊಡಂಗಿಲ್ಲ ಅಂದ್ರು ಅಂತ ವ್ಯಾಯಾಮ ಅರ್ಧಕ್ಕ ಬಿಟ್ಟಾನ. ಇನ್ನೊಬ್ಬಾಕಿ ಕಮರುನ್ನಿಸಾ ಟೀಚರ್. ಅವರದೂ ಹಂಗ. ತೊಂಬತ್ತು ದಿನ ಮುಗಿಯಾಕ ರಾಯಣ್ಣಗ ಇನ್ನ ಒಂದೂವರಿ ತಿಂಗಳೈತಿ!”

“ಅವರ ಪಾಲಿಸಿ ಪುಸ್ತಕ ಅದಾವೇನ್ರಿ?”

“ಅದಾವ್ರಿ. ಆದ್ರ ಓದೂರ್ಯಾರು?”

ನಿರ್ಮಲಾ ಗಡಿಯಾರ ನೋಡಿದಳು. ಗಜೇಂದ್ರಗಡದ ಬಸ್ಸಿಗೆ ಹತ್ತು ನಿಮಿಷವಿತ್ತು. ಮೆಣಸಗಿಯವನ ಅರ್ಜಿಯನ್ನು ಎರಡೇ ನಿಮಿಷದಲ್ಲಿ ಮುಗಿಸಿ ಕೈಗಿತ್ತಳು. ಚೀಲಕ್ಕೆ ಕೆಂಪು ಪೆನ್ನು, ಬಿಳಿ ಹಾಳೆ, ತೀರ್ಪಿನ ಪ್ರತಿ ತುಂಬಿಕೊಂಡು ಅಂಗಡಿಯ ಬಾಗಿಲು ಎಳೆದಳು.

“ಇಬ್ಬರನೂ ಕೂಡ್ಸಿ ಇಡ್ರಿ ಮೇಡಂ. ನಾ ಬಸ್ ಹತ್ತಾಕತ್ತೀನಿ!”